ಎರಡು ಹೋಳಿಗೆ, ಎರಡು ಮೈಲಿ

ಸುಳ್ಳು ಹೇಳುವುದು ನನಗೆ ಬರುವುದಿಲ್ಲ. ಹೇಳಲು ಹೋದರೆ ಕಿವಿ ಕೆಂಪಾಗುತ್ತದೆ, ನಾಲಿಗೆ ತಡವರಿಸುತ್ತದೆ, ಹೆಂಡತಿ ಅರ್ಧಕ್ಕೇ ಹಿಡಿದುಬಿಡುತ್ತಾಳೆ. ಆದರೆ ಬರೆಯುವುದು ಬೇರೆ ಮಾತು. ಎಪ್ಪತ್ತರ ದಶಕದಲ್ಲಿ ನಾನು ಹೊಸನಗರದಲ್ಲಿ ಗ್ರಾಮಸೇವಕನಾಗಿದ್ದೆ. ಹಳ್ಳಿ ಹಳ್ಳಿ ಸುತ್ತಿ ರೈತರಿಗೆ ಬೀಜ, ಗೊಬ್ಬರದ ವಿಷಯ ತಿಳಿಸುವ ಕೆಲಸ. ಸುತ್ತಿದ್ದಕ್ಕೆ ಸಾಕ್ಷಿಯಾಗಿ ತಿಂಗಳಿಗೊಂದು ಟೂರ್ ಡೈರಿ ಕಚೇರಿಗೆ ಕೊಡಬೇಕು. ಅದನ್ನು ತಿಂಗಳ ಕೊನೆಯ ದಿನ ಜಗಲಿಯಲ್ಲಿ ಕೂತು, ಚಕ್ಕುಲಿ ಕಡಿಯುತ್ತಾ, ಒಂದೇ ಬೈಠಕ್ಕಿನಲ್ಲಿ ಮುಗಿಸುತ್ತಿದ್ದೆ. ಇದರಲ್ಲೂ ಒಂದು ಕಸುಬಿದೆ. ಎಲ್ಲವೂ ಸಾಂಗವಾಗಿ ನಡೆಯಿತು ಎಂದು ಬರೆದರೆ ಯಾರೂ ನಂಬುವುದಿಲ್ಲ. ನಡುನಡುವೆ ಒಂದೊಂದು ಸೋಲು ಬೇಕು. 'ಮಾಸ್ತಿಕಟ್ಟೆಗೆ ಹೋದೆ, ರೈತರು ಮದುವೆಗೆ ಹೋಗಿದ್ದರು. ಮರುದಿನ ಮತ್ತೆ ಹೋಗಿ ಕಂಡೆ.' ಇಂಥದ್ದೊಂದು ಸಾಲು ಬಿದ್ದರೆ ಸಾಹೇಬರು ಕಣ್ಣು ಮುಚ್ಚಿ ಸಹಿ ಹಾಕುತ್ತಿದ್ದರು. ನಾನು ಎರಡು ಸಲವೂ ಹೋಗಿರುತ್ತಿರಲಿಲ್ಲ.

ಹೀಗಿರುವಾಗ ಬೆನ್ನ ಮೇಲೆ ಎದ್ದ ಕುರುವೊಂದು ತಿಂಗಳಾದರೂ ಮಾಯಲಿಲ್ಲವೆಂದು ಸಾಗರದ ಡಾಕ್ಟರ ಹತ್ತಿರ ಹೋದೆ. ಅವರು ಕುರುವನ್ನು ನೋಡಿದ್ದು ಕಮ್ಮಿ, ರಕ್ತ ತೆಗೆದದ್ದು ಹೆಚ್ಚು. "ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಬಾಗಿಲಲ್ಲಿ ನಿಂತಿದೆ. ಒಳಗೆ ಕರೀತೀರೋ ಬಿಡ್ತೀರೋ ನಿಮಗೆ ಬಿಟ್ಟಿದ್ದು" ಅಂದರು. ನನ್ನ ಅಪ್ಪ ಇದೇ ಕಾಯಿಲೆಯಲ್ಲಿ ಕಣ್ಣು ಕಳೆದುಕೊಂಡು, ಗೋಡೆ ಸವರಿಕೊಂಡು ಓಡಾಡಿ ಸತ್ತವರು. ಡಾಕ್ಟರು ಮಾತ್ರೆ ಕೊಡಲಿಲ್ಲ. ಒಂದು ಪುಸ್ತಕ ಇಡಲು ಹೇಳಿದರು. ಏನು ತಿಂದೆ, ಎಷ್ಟು ನಡೆದೆ, ಮೂತ್ರದ ಪರೀಕ್ಷೆಯಲ್ಲಿ ಯಾವ ಬಣ್ಣ ಬಂತು, ದಿನಾ ಬರೆಯಬೇಕು. ನೀಲಿ ದ್ರಾವಣಕ್ಕೆ ಎಂಟು ಹನಿ ಮೂತ್ರ ಬಿಟ್ಟು ಕುದಿಸಿದಾಗ ನೀಲಿಯೇ ಉಳಿದರೆ ಕ್ಷೇಮ. ಹಸಿರು, ಹಳದಿ ಎಂದು ಬಣ್ಣ ತಿರುಗುತ್ತಾ ಇಟ್ಟಿಗೆ ಕೆಂಪಿಗೆ ಬಂದರೆ ಕಥೆ ಮುಗಿದ ಹಾಗೆ.

"ಅದನ್ನೇನಾದ್ರೂ ನನ್ನ ಅಡಿಗೆ ಒಲೆ ಮೇಲೆ ಇಟ್ರೆ ನಾನು ತವರಿಗೆ ಹೋಗ್ತೀನಿ" ಎಂದಳು ಹೆಂಡತಿ. ಬಚ್ಚಲುಮನೆಯಲ್ಲಿ ಸ್ಪಿರಿಟ್ ದೀಪ ಹಚ್ಚಿ, ಮೂಗು ಮುಚ್ಚಿಕೊಂಡು ಆರು ದಿನ ಪ್ರಾಮಾಣಿಕವಾಗಿ ಕುದಿಸಿದೆ. ಏಳನೆಯ ದಿನ ಒಂದು ನಾಮಕರಣದ ಊಟ. ಎಂಟನೆಯ ದಿನ ಗಾಜಿನ ನಳಿಕೆಯಲ್ಲಿ ಏನು ಬರುತ್ತದೋ ಎಂದು ಹೆದರಿ ಕುದಿಸಲೇ ಇಲ್ಲ. ತಿಂಗಳ ಕೊನೆಗೆ ಡಾಕ್ಟರಿಗೆ ಪುಸ್ತಕ ತೋರಿಸಬೇಕಲ್ಲ, ಚಕ್ಕುಲಿ ಡಬ್ಬಿ ಎಳೆದುಕೊಂಡು ಕೂತೆ. ಮುದ್ದೆ, ಸೊಪ್ಪು, ಮಜ್ಜಿಗೆ, ನೀಲಿ, ನೀಲಿ, ನೀಲಿ. ನಂಬಿಕೆ ಹುಟ್ಟಲಿ ಎಂದು ನಡುವೆ ಒಂದು ಸೋಲನ್ನೂ ಹಾಕಿದೆ: 'ಮದುವೆ ಮನೆ. ಹೋಳಿಗೆ ಎರಡು. ಬಣ್ಣ ತುಸು ಹಸಿರು. ಸಂಜೆ ಎರಡು ಮೈಲಿ ನಡಿಗೆ. ಮರುದಿನ ನೀಲಿ.' ಡಾಕ್ಟರು ಆ ಸಾಲಿನ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು 'ಉತ್ತಮ' ಎಂದು ಬರೆದರು. ನಾನು ಉಬ್ಬಿಹೋದೆ.

ನಮ್ಮ ಪಕ್ಕದ ಮನೆಯ ಪದ್ಮಯ್ಯನವರಿಗೆ ಬಟ್ಟೆ ಅಂಗಡಿ. ಜೈನರು, ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವವರು, ಬಟ್ಟೆ ಅಳೆಯುವಾಗ ಎರಡು ಬೆರಳು ಹೆಚ್ಚಿಗೇ ಬಿಟ್ಟು ಕತ್ತರಿಸುವವರು. ಅವರಿಗೆ ಕಾಯಿಲೆ ಬಾಗಿಲು ದಾಟಿ ಒಳಗೇ ಬಂದು ಕೂತಿತ್ತು. ಅವರೂ ಅದೇ ಡಾಕ್ಟರ ಹತ್ತಿರ ಹೋಗುತ್ತಿದ್ದರು. ಪುಸ್ತಕ ಇಡುವುದೆಂದರೆ ಹೇಗೆಂದು ನಿಮ್ಮ ಪಕ್ಕದ ಮನೆಯವರನ್ನು ಕೇಳಿ ಎಂದು ಡಾಕ್ಟರು ಹೇಳಿಬಿಟ್ಟರು. ಪದ್ಮಯ್ಯ ಭಕ್ತಿಯಿಂದ ಬಂದು ನನ್ನ ಪುಸ್ತಕ ತೆಗೆದುಕೊಂಡು ಹೋಗಿ ಅಕ್ಷರ ಬಿಡದೆ ನಕಲು ಮಾಡಿದರು. ಆಮೇಲೆ ಅಸಲನ್ನೂ ಹಿಂದಿರುಗಿಸಲಿಲ್ಲ. ಡಾಕ್ಟರ ಕೆಂಪು ಗೆರೆ ಅದರಲ್ಲಿತ್ತಲ್ಲ.

"ನಮ್ಮನೇಲಿ ಆ ಕುದಿಸೋ ಕೆಲಸ ಸಾಧ್ಯ ಇಲ್ಲ ಸೇವಕ್ರೇ. ಅಮ್ಮ ಊಟಾನೇ ಬಿಟ್ಬಿಡ್ತಾರೆ" ಎಂದರು ಒಂದು ದಿನ. "ನಿಮ್ದು ನೋಡ್ಕೊಂಡೇ ನಡೀತೀನಿ. ನಿಮಗೆ ನೀಲಿ ಬಂದ್ರೆ ನನಗೂ ಬಂದ ಹಾಗೇ ಅಲ್ವಾ?" ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ, ಕಿವಿ ಕೆಂಪಾಯಿತು, ಬಾಯಿ ಮುಚ್ಚಿದೆ. ಅದರ ಮುಂದಿನ ವಾರ ಅವರು ನಮ್ಮ ಮನೆ ಮುಂದೆ ಬಿರುಸಾಗಿ ನಡೆದುಹೋಗುತ್ತಾ ಎರಡು ಬೆರಳು ಎತ್ತಿ ತೋರಿಸಿ ನಕ್ಕರು. ಎರಡು ಹೋಳಿಗೆ ತಿಂದಿದ್ದರು, ಎರಡು ಮೈಲಿ ತೀರಿಸಲು ಹೊರಟಿದ್ದರು. ಆ ಮಳೆಗಾಲವೆಲ್ಲಾ ಅದು ನಡೆಯಿತು. ಹೊಸ ಚಪ್ಪಲಿ ಹೆಬ್ಬೆರಳನ್ನು ಕಚ್ಚಿತು. ಗಾಯ ಮಾಯಲಿಲ್ಲ, ಆದರೆ ನೋವೇ ಗೊತ್ತಾಗುತ್ತಿರಲಿಲ್ಲ. ಅವರು ಅದನ್ನೊಂದು ಒಳ್ಳೆಯ ಲಕ್ಷಣವೆಂದು ತಿಳಿದು ನಡೆಯುತ್ತಲೇ ಇದ್ದರು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಮೊದಲು ಹೆಬ್ಬೆರಳು ತೆಗೆದರು, ವಾರ ಬಿಟ್ಟು ಅರ್ಧ ಪಾದ. ನಾನು ಮೂಸಂಬಿ ಹಿಡಿದುಕೊಂಡು ನೋಡಲು ಹೋದೆ. ಸಕ್ಕರೆ ಕಾಯಿಲೆಯವರಿಗೆ ಮೂಸಂಬಿ ಕೊಡಬಹುದೇ ಎಂದು ನನಗೆ ಆಗಲೂ ಗೊತ್ತಿರಲಿಲ್ಲ. ಪದ್ಮಯ್ಯ ನನ್ನ ಕೈ ಹಿಡಿದುಕೊಂಡರು. "ತಪ್ಪು ನಂದೇ ಸೇವಕ್ರೇ. ಮಳೆ ಜೋರಿದ್ದ ದಿನ ನಾನು ಒಂದೂವರೆ ಮೈಲಿಗೇ ತಿರುಗಿ ಬಂದ್ಬಿಡ್ತಿದ್ದೆ. ನೀವು ಹಾಗೆ ಮಾಡಿರಲಿಲ್ಲ."

ನನಗೆ ಅಳು ಬಂತು. ಹೇಳಿಬಿಟ್ಟೆ. ನಡೆದಿಲ್ಲ, ಕುದಿಸಿಲ್ಲ, ಎಲ್ಲಾ ಜಗಲಿಯಲ್ಲಿ ಕೂತು ಬರೆದದ್ದು. ತೊದಲುತ್ತಾ ಹೇಳಿದೆ. ಅವರು ಪೂರ್ತಿ ಕೇಳಿ ನನ್ನ ಬೆನ್ನು ಸವರಿದರು. "ನನ್ನ ಸಮಾಧಾನಕ್ಕೆ ಏನೇನೋ ಹೇಳ್ಬೇಡಿ. ಡಾಕ್ಟ್ರೇ ನೋಡಿ ಗೆರೆ ಎಳೆದಿದಾರೆ."

ಅಂದಿನಿಂದ ನಿಜವಾಗಿ ಪುಸ್ತಕ ಬರೆಯತೊಡಗಿದೆ. ದಿನಾ ಕುದಿಸಿದೆ. ಹಸಿರು ಬಂದರೆ ಹಸಿರು, ಹಳದಿ ಬಂದರೆ ಹಳದಿ. ಎರಡು ತಿಂಗಳಾದ ಮೇಲೆ ಅದನ್ನು ಸಾಕ್ಷಿಯಾಗಿ ಹಿಡಿದುಕೊಂಡು ಪದ್ಮಯ್ಯನವರ ಅಂಗಡಿಗೆ ಹೋದೆ. ಅವರು ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಕೂತಿದ್ದರು. ಪುಟ ತಿರುಗಿಸಿ ನಕ್ಕರು. "'ಪಾಯಸ ಎರಡು ಲೋಟ, ನಡಿಗೆ ಇಲ್ಲ, ಹಳದಿ.' ಇದನ್ನ ಯಾರು ನಂಬ್ತಾರೆ? ನಿಮಗೆ ಸುಳ್ಳು ಬರೆಯೋಕೆ ಬರಲ್ಲ ಬಿಡಿ." ಹಳೆಯ ಪುಸ್ತಕ ಅವರ ಪಕ್ಕದಲ್ಲೇ ಇತ್ತು. ಬಂದ ಗಿರಾಕಿಗಳಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಓದಲು ಕೊಡುತ್ತಿದ್ದರಂತೆ. ತೀರ್ಥಹಳ್ಳಿಯ ಅವರ ಭಾವ ಹಿಂದಿನ ವಾರವಷ್ಟೇ ನಕಲು ಮಾಡಿಕೊಂಡು ಹೋಗಿದ್ದರು.

ಪದ್ಮಯ್ಯನವರ ಪಕ್ಕದಲ್ಲಿದ್ದ ಪುಸ್ತಕವನ್ನು ಕಿತ್ತುಕೊಂಡು ಬಂದು, ಮರುದಿನ ಬೆಳಗಿನ ಬಸ್ಸಿಗೆ ತೀರ್ಥಹಳ್ಳಿಗೆ ಹೊರಟೆ. ಭಾವನವರ ಮನೆಗೆ ಬೀಗ. "ಮದುವೆಗೆ ಹೋಗಿದಾರೆ, ನಾಳೆ ಬರ್ತಾರೆ" ಎಂದರು ಪಕ್ಕದವರು. ಮದುವೆಯೆಂದರೆ ಹೋಳಿಗೆ. ಮರುದಿನ ಮತ್ತೆ ಹೋಗಿ ಕಂಡೆ. ಅವರು ಚಪ್ಪಲಿ ಮೆಟ್ಟಿಕೊಂಡು ಎರಡು ಮೈಲಿಗೆ ಹೊರಟು ನಿಂತಿದ್ದರು. ಕೈಮುಗಿದು, ಜಗಳವಾಡಿ, ನಕಲನ್ನು ಇಸಿದುಕೊಂಡು ಬಂದೆ.

ಎರಡು ದಿನ ಎಲ್ಲಿ ಹೋಗಿದ್ದಿರಿ ಎಂದು ಹೆಂಡತಿ ಕೇಳಿದಳು. ತೀರ್ಥಹಳ್ಳಿಗೆ ಹೋದೆ, ಅವರು ಮದುವೆಗೆ ಹೋಗಿದ್ದರು, ಮರುದಿನ ಮತ್ತೆ ಹೋಗಿ ಕಂಡೆ ಎಂದೆ.

"ಅದನ್ನ ನಿಮ್ಮ ಡೈರಿಯಲ್ಲಿ ಬರ್ಕೊಳ್ಳಿ, ನನ್ನ ಹತ್ರ ಬೇಡ" ಎಂದು ಅವಳು ಒಳಗೆ ಹೋದಳು.