ಸೆಂಟರ್ ಫಾರ್ವರ್ಡ್ ಮಲಗುವ ಮಂಚ

ಕತ್ತರಿಯಣ್ಣನ ಸಂಕಟಕ್ಕೆಲ್ಲ ಮೂಲ ಒಂದು ಮಂಚ. ಮದುವೆಯಾದ ಹೊಸದರಲ್ಲಿ ಬಡಗಿಯ ಎದುರು ಉದ್ದಕ್ಕೆ ನಿಂತು, ಅಳತೆ ಕೊಟ್ಟು ಮಾಡಿಸಿದ ಮಂಚ ಅದು. ಹನ್ನೊಂದು ತಿಂಗಳಿಂದ ಅದರ ಮೇಲೆ ಅವನ ಬಾಮೈದ ಮಲಗುತ್ತಿದ್ದ. ಕತ್ತರಿಯಣ್ಣ ಮಲಗುತ್ತಿದ್ದದ್ದು ಮನೆಯ ಮುಂಭಾಗದಲ್ಲೇ, ಪರದೆಯಾಚೆಗಿದ್ದ ತನ್ನ ಕ್ಷೌರದಂಗಡಿಯಲ್ಲಿ, ಗಿರಾಕಿಗಳು ಕಾಯುತ್ತ ಕೂರುವ ಬೆಂಚಿನ ಮೇಲೆ. ಆ ಬೆಂಚು ಅವನ ಮೊಣಕಾಲಿಗೇ ಮುಗಿದುಹೋಗುತ್ತಿತ್ತು. ಉಳಿದ ಕಾಲಿಗೆ ಒಂದು ಸ್ಟೂಲು ಹಾಕಿಕೊಂಡಿದ್ದ.

ಬಾಮೈದ ಊರಿನ ಫುಟ್‌ಬಾಲ್ ತಂಡದ ಸೆಂಟರ್ ಫಾರ್ವರ್ಡ್. ಆಟಗಾರನ ಬೆನ್ನು ನೆಟ್ಟಗಿರಬೇಕು ಎಂದು ಹೆಂಡತಿ ಮೊದಲ ದಿನವೇ ತೀರ್ಪು ಕೊಟ್ಟಿದ್ದಳು. ದಿನವಿಡೀ ಬಗ್ಗಿ ಕ್ಷೌರ ಮಾಡುವವನ ಬೆನ್ನು ಹೇಗಿರಬೇಕೆಂದು ಯಾರೂ ಕೇಳಲಿಲ್ಲ. ಆ ನೆಟ್ಟಗಿನ ಬೆನ್ನಿನವನೋ, ಏಳು ಮ್ಯಾಚಿನಿಂದ ಒಂದೂ ಗೋಲು ಹೊಡೆದಿರಲಿಲ್ಲ. ಗೋಲುಗಂಬಕ್ಕೆ ಹೊಡೆದಿದ್ದ, ರೆಫರಿಯ ಬೆನ್ನಿಗೆ ಹೊಡೆದಿದ್ದ, ಒಮ್ಮೆಯಂತೂ ಮೈದಾನದಾಚೆ ಯಾರೋ ಒಣಹಾಕಿದ್ದ ಬೆಡ್‌ಶೀಟಿನ ನಟ್ಟನಡುವಿಗೆ ಹೊಡೆದಿದ್ದ. ಅವನು ತಪ್ಪಿಸಿದ ಪ್ರತಿ ಗೋಲಿಗೂ ಬೈಸಿಕೊಳ್ಳುತ್ತಿದ್ದವನು ಕತ್ತರಿಯಣ್ಣ, ಏಕೆಂದರೆ ಬೈಯುವವರೆಲ್ಲ ಮರುದಿನ ಅವನ ಕುರ್ಚಿಗೇ ಬಂದು ಕೂರುತ್ತಿದ್ದರು.

ಇವತ್ತು ಫೈನಲ್. ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಾಮೈದ ಶಪಥ ಮಾಡಿದ.

"ಅಕ್ಕಾ, ಇವತ್ತು ನನ್ನನ್ನ ಹೊರಗೆ ಕೂರಿಸಿದ್ರೆ ಮುಗೀತು. ಬೂಟು ಬಿಚ್ಚಿಟ್ಟು ದೊಡ್ಡಪ್ಪನ ಹಿಟ್ಟಿನ ಗಿರಣಿಗೆ ಹೋಗಿಬಿಡ್ತೀನಿ. ಸಂಜೆ ಬಸ್ಸಿಗೇ."

ಅಕ್ಕನ ಕಣ್ಣಲ್ಲಿ ನೀರು ಬಂತು. ಭಾವನ ಕಣ್ಣಲ್ಲೂ ಬಂತು, ಕಾರಣ ಮಾತ್ರ ಬೇರೆ. ಅವನಿಗೆ ಆಗಲೇ ಮಂಚದ ಮೇಲೆ ಅಂಗಾತ ಬಿದ್ದು ಕಾಲು ಚಾಚಿದ ಹಾಗಾಯಿತು.

"ಮೇಷ್ಟ್ರಿಗೆ ನೀವೇ ಹೇಳ್ಬೇಕು ರೀ, ಇವನನ್ನ ಆಡಿಸಿ ಅಂತ," ಎಂದಳು ಹೆಂಡತಿ. "ನಾನು ಪರದೆ ಹಿಂದೆ ನಿಂತು ಕೇಳಿಸ್ಕೊಳ್ತಿರ್ತೀನಿ."

ಮೇಷ್ಟ್ರು ಅಂದರೆ ತಂಡದ ಕೋಚು, ನಿವೃತ್ತ ಡ್ರಿಲ್ ಮೇಷ್ಟ್ರು. ತಂಡದ ವಿಷಯ ಯಾರಾದರೂ ಎತ್ತಿದರೆ ಸಾಕು, ಎದ್ದು ನಡೆದುಬಿಡುವ ಮನುಷ್ಯ. ಆದರೆ ಪ್ರತಿ ಮ್ಯಾಚಿನ ದಿನ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಕತ್ತರಿಯಣ್ಣನ ಕುರ್ಚಿಯಲ್ಲಿ ಗಡ್ಡ ಕೆರೆಸಿಕೊಳ್ಳುವುದು ಅವರ ವಾಡಿಕೆ. ಮುಖದ ತುಂಬ ನೊರೆ, ಕುತ್ತಿಗೆಯ ಮೇಲೆ ಕತ್ತಿ. ಎದ್ದುಹೋಗುವಂತಿಲ್ಲ, ಬಾಯಿ ತೆರೆಯುವಂತಿಲ್ಲ. ಆ ಹತ್ತು ನಿಮಿಷದಲ್ಲಿ ಆರು ವರ್ಷದಿಂದ ಊರಿನ ಸಲಹೆಯೆಲ್ಲ ಕತ್ತರಿಯಣ್ಣನ ಬಾಯಿಂದ ಮೇಷ್ಟ್ರ ಕಿವಿಗೆ ಹೋಗುತ್ತಿತ್ತು. ಈಚಿನ ಎರಡು ತಿಂಗಳಲ್ಲಿ ಅವನು ತನ್ನದೂ ಒಂದು ಸಲಹೆ ಸೇರಿಸಿ ಪಿಸುಗುಟ್ಟುತ್ತಿದ್ದ: ಬಾಮೈದನನ್ನು ಕೈಬಿಡಿ.

ಏಳೂವರೆಗೆಲ್ಲ ಬೇಕರಿಯವನೂ ಔಷಧಿ ಅಂಗಡಿಯವರೂ ಹಾಜರಾದರು. ಕನ್ನಡಿಯ ಕೆಳಗಿನ ಹಲಗೆಯೇ ಮೈದಾನವಾಯಿತು. ಪೌಡರ್ ಡಬ್ಬಿ ಗೋಲ್‌ಕೀಪರು, ಬಾಚಣಿಗೆಗಳು ಡಿಫೆಂಡರುಗಳು, ಕೂದಲುದುರಿದ ಹಳೇ ಬ್ರಷ್ಷು ಬಾಮೈದ. ಬೇಕರಿಯವನು ನಾಲ್ಕು ಬಾಚಣಿಗೆಯನ್ನು ಮುಂದಕ್ಕೆ ತಳ್ಳಿ, ಮೊದಲ ಹತ್ತು ನಿಮಿಷದಲ್ಲೇ ನುಗ್ಗಿ ಹೊಡೆಯಬೇಕು ಎಂದ. ಔಷಧಿ ಅಂಗಡಿಯವರು ಐದನ್ನು ಹಿಂದಕ್ಕೆಳೆದು ಪೌಡರ್ ಡಬ್ಬಿಗೆ ಕೋಟೆ ಕಟ್ಟಿದರು. ಅವನು ತಳ್ಳಿದ, ಇವರು ಎಳೆದರು. ಒಂದು ಬಾಚಣಿಗೆಯ ಮೂರು ಹಲ್ಲು ಮುರಿಯಿತು.

"ಫಾರ್ಮೇ ಇಲ್ಲದವನನ್ನ ಫೈನಲ್ಲಿಗೆ ಇಳಿಸ್ತಾರೇನ್ರೀ?" ಎಂದು ಔಷಧಿಯವರು ಬ್ರಷ್ಷನ್ನು ಎತ್ತಿ ಕಿಟಕಿಯಲ್ಲಿಟ್ಟರು.

"ಫಾರ್ಮ್ ಇವತ್ತು ಹೋಗುತ್ತೆ, ನಾಳೆ ಬರುತ್ತೆ. ಕಾಲಲ್ಲಿರೋ ಆಟ ಎಲ್ಲಿಗೆ ಹೋಗುತ್ತೆ?" ಎಂದು ಬೇಕರಿಯವನು ಅದನ್ನು ಮತ್ತೆ ಮೈದಾನಕ್ಕಿಳಿಸಿದ.

ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ನಂಬಿಕೆಯಿಲ್ಲ, ಕತ್ತರಿಯಣ್ಣನ ಮೇಲಂತೂ ಮೊದಲೇ ಇಲ್ಲ. ತಮ್ಮ ಮಾತು ಮೇಷ್ಟ್ರಿಗೆ ಮುಟ್ಟುತ್ತದೋ ಇಲ್ಲವೋ ನೋಡಿಯೇ ಹೋಗುವುದೆಂದು ಬೆಂಚಿನ ಮೇಲೆ ಕೂತು, ಒಂದೇ ಪೇಪರನ್ನು ಅರ್ಧರ್ಧ ಮಾಡಿಕೊಂಡು ಮುಖಕ್ಕೆ ಅಡ್ಡ ಹಿಡಿದರು.

ಎಂಟಕ್ಕೆ ಮೇಷ್ಟ್ರು ಬಂದರು. ಮೂವತ್ತು ವರ್ಷದ ಗಿರಿಜಾಮೀಸೆಯನ್ನು ಒಮ್ಮೆ ನೀವಿಕೊಂಡು, ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದರು. ಕತ್ತರಿಯಣ್ಣ ನೊರೆ ಹಚ್ಚಿದ. ಪೇಪರುಗಳ ಮೇಲಿಂದ ನಾಲ್ಕು ಕಣ್ಣು, ಪರದೆಯ ಸಂದಿನಿಂದ ಎರಡು ಕಣ್ಣು ಅವನನ್ನೇ ನೋಡುತ್ತಿದ್ದವು.

ಮುಂದೆ ನಾಲ್ಕು ಜನ ಬೇಕಂತೆ ಎಂದ. ಒಂದು ಪೇಪರು ತಲೆಯಾಡಿಸಿತು. ಹಿಂದೆ ಐದು ಜನ ಬೇಕಂತೆ ಎಂದ. ಇನ್ನೊಂದು ಪೇಪರು ತಲೆಯಾಡಿಸಿತು. ಪರದೆ ಕೆಮ್ಮಿತು. ಕತ್ತರಿಯಣ್ಣ ಗಂಟಲು ಸರಿಮಾಡಿಕೊಂಡು, ಬಾಮೈದ ಚಿನ್ನದಂಥ ಹುಡುಗ, ಅವನನ್ನು ಆಡಿಸಲೇಬೇಕು ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದ. ಆಮೇಲೆ ರೇಡಿಯೋದ ಸದ್ದು ಹೆಚ್ಚಿಸಿ, ಕಿವಿಯ ಹಿಂದಿನ ಕೂದಲು ನೋಡುವವನಂತೆ ಬಗ್ಗಿದ.

"ಬೇಡ ಸರ್," ಎಂದು ಪಿಸುಗುಟ್ಟಿದ. "ಅವನನ್ನ ಆಡಿಸಿದ್ರೆ ಸೋತ್ವಿ ಅಂತಾನೇ ಲೆಕ್ಕ. ದಯವಿಟ್ಟು ಹೊರಗೆ ಕೂರಿಸಿ."

"ಏನ್ರೀ ಅದು ಗುಸುಗುಸು?" ಎಂದು ಪರದೆ ಸರಕ್ಕನೆ ಸರಿಯಿತು.

ಕತ್ತರಿಯಣ್ಣನ ಕೈ ಹಾರಿತು. ಕೈಯಲ್ಲಿ ಕತ್ತಿ ಇತ್ತು. ನೊರೆ ಒರೆಸಿ ನೋಡಿದರೆ ಗಿರಿಜಾಮೀಸೆಯ ಎಡಭಾಗ ಟವೆಲ್ಲಿನ ಮೇಲೆ ಬಿದ್ದಿತ್ತು.

ಮೇಷ್ಟ್ರು ಕಣ್ಣು ತೆರೆದು ಕನ್ನಡಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಬಲಭಾಗವನ್ನೂ ತೆಗೆದುಬಿಡುವಂತೆ ಬೆರಳಲ್ಲೇ ತೋರಿಸಿ, ಅದಾದ ಮೇಲೆ ಎದ್ದುಹೋದರು.

ಮಧ್ಯಾಹ್ನ ಮೂರಕ್ಕೆ ಇಡೀ ಊರು ಮೈದಾನದಲ್ಲಿತ್ತು. ಮೀಸೆಯಿಲ್ಲದ ಮೇಷ್ಟ್ರನ್ನು ಗೇಟಿನವನು ಗುರುತು ಹಿಡಿಯದೆ ಟಿಕೆಟ್ ಕೇಳಿದ ಸುದ್ದಿ ಒಳಗೆಲ್ಲ ಹಬ್ಬಿತ್ತು. ಆಟಗಾರರು ಒಬ್ಬೊಬ್ಬರಾಗಿ ಇಳಿದರು. ಒಂಬತ್ತನೇ ನಂಬರಿನ ಅಂಗಿ ತೊಟ್ಟು, ಜಿಗಿಯುತ್ತ, ಅಕ್ಕನಿಗೆ ಕೈಬೀಸುತ್ತ ಬಾಮೈದನೂ ಇಳಿದ. ಕತ್ತರಿಯಣ್ಣನ ಜೀವ ಬೆಂಚಿನಷ್ಟೇ ಕುಗ್ಗಿತು.

ಅರ್ಧ ಆಟ ಮುಗಿದಾಗ ಎದುರಾಳಿಗಳು ಒಂದು ಗೋಲು ಮುಂದಿದ್ದರು. ಬಾಮೈದನ ಎರಡು ಹೊಡೆತ ಆಕಾಶಕ್ಕೆ ಹೋಗಿದ್ದವು. ಜನ ಕತ್ತರಿಯಣ್ಣನನ್ನು ಸುತ್ತುಗಟ್ಟಿದರು. ಫೈನಲ್ಲಿನ ದಿನ ಕೋಚಿನ ಮೀಸೆ ಬೋಳಿಸಿದವನು ನೀನು, ಬಾಮೈದನನ್ನು ಆಡಿಸಿ ಎಂದು ಕೂಗಿ ಹೇಳಿದವನೂ ನೀನು ಎಂದು ಔಷಧಿಯವರು ಸಾಕ್ಷಿ ನುಡಿದರು. ಇನ್ನು ಜನ್ಮದಲ್ಲಿ ನಿನ್ನ ಕುರ್ಚಿಗೆ ತಲೆ ಕೊಡುವುದಿಲ್ಲ ಎಂದು ಬೇಕರಿಯವನು ಹೇಳಿದ. ಅವನ ತಲೆಯಲ್ಲಿ ಕೂದಲು ಅಷ್ಟಕ್ಕಷ್ಟೇ, ಆದರೂ ಕತ್ತರಿಯಣ್ಣ ಅದನ್ನೂ ನಷ್ಟದ ಲೆಕ್ಕಕ್ಕೆ ಸೇರಿಸಿಕೊಂಡ.

ಆಮೇಲೆ ಅದೇನಾಯಿತೋ. ಕಾರ್ನರಿನಿಂದ ಬಂದ ಚೆಂಡಿಗೆ ಬಾಮೈದ ತಲೆ ಕೊಟ್ಟ, ಅದು ಬಲೆಯಲ್ಲಿತ್ತು. ಮೈದಾನ ಗುಡುಗಿತು. ಮುಗಿಯಲು ಎರಡು ನಿಮಿಷವಿದ್ದಾಗ ಅವನೇ ಮತ್ತೊಮ್ಮೆ ಬೀಸಿ ಹೊಡೆದ. ಹಳೇ ಅಭ್ಯಾಸದಂತೆ ಚೆಂಡು ಗಂಬಕ್ಕೆ ಬಡಿಯಿತು. ಆದರೆ ಈ ಸಲ ತಿರುಗಿ ಬಂದು, ಮುಗ್ಗರಿಸಿ ಬೀಳುತ್ತಿದ್ದ ಅವನ ಮೊಣಕಾಲಿಗೇ ತಾಗಿ ಒಳಗೆ ಹೋಯಿತು.

ಇಪ್ಪತ್ತೆರಡು ವರ್ಷದ ಮೇಲೆ ಊರಿಗೆ ಫೈನಲ್ಲಿನ ಕಪ್ಪು ಬಂತು. ಕತ್ತರಿಯಣ್ಣ ಮಂಚವನ್ನು ಮರೆತ, ಬೆಂಚನ್ನು ಮರೆತ, ಬೈದ ಔಷಧಿಯವರನ್ನೇ ತಬ್ಬಿಕೊಂಡು ಕುಣಿದ. ಹುಡುಗನಾಗಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಹಿಂದಿನ ಕಪ್ಪು ನೋಡಿದ್ದ. ಆಗಿನ ಸಂತೋಷವೇ ಮತ್ತೆ ಉಕ್ಕಿ ಬಂದು ಅತ್ತುಬಿಟ್ಟ.

ಊರಿನ ನಾಲಿಗೆ ಹೊರಳಲು ಎಷ್ಟು ಹೊತ್ತು? ಬಾಮೈದನನ್ನು ಆಡಿಸಿ ಎಂದು ಧೈರ್ಯವಾಗಿ ಹೇಳಿದವನು ಇವನೊಬ್ಬನೇ ಎಂದು ಔಷಧಿಯವರೇ ಸಾಕ್ಷಿ ನುಡಿದರು. ಮೀಸೆ ಹೋದದ್ದರಿಂದಲೇ ಅದೃಷ್ಟ ಬಂತು ಎಂದ ಬೇಕರಿಯವನು. ಕತ್ತರಿಯಣ್ಣನನ್ನು ಎತ್ತಿ ಹೆಗಲ ಮೇಲೆ ಕೂರಿಸಿ ಮೈದಾನ ಸುತ್ತಿಸಿದರು. ಹೆಂಡತಿ ಮದುವೆಯಾದಂದಿನಿಂದ ನೋಡಿರದ ಕಣ್ಣಲ್ಲಿ ಅವನನ್ನು ನೋಡಿದಳು.

ಹೆಗಲಿಂದ ಇಳಿದವನನ್ನು ಮೇಷ್ಟ್ರು ಪಕ್ಕಕ್ಕೆ ಕರೆದರು. ಅವನು ಮೀಸೆಗೆ ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅವರೇ ಅವನ ಕೈ ಹಿಡಿದುಕೊಂಡರು.

"ನಿನ್ನಿಂದಾನೇ ಕಣಯ್ಯ ಗೆದ್ದದ್ದು. ಆರು ವರ್ಷದಿಂದ ನಿನ್ನ ಮಾತು ಪೂರ್ತಿ ಕೇಳಿಸ್ಕೊಂಡು, ಅದಕ್ಕೆ ಉಲ್ಟಾ ಮಾಡ್ತಾ ಬಂದಿದ್ದೀನಿ. ಒಂದೇ ಒಂದು ಸಲ ನೀನು ಹೇಳಿದ ಹಾಗೆ ಮಾಡಿದೆ, ಐದು ಗೋಲು ತಿಂದ್ವಿ."

ಮೇಷ್ಟ್ರು ಇಲ್ಲದ ಮೀಸೆಯನ್ನು ನೀವಿಕೊಂಡು ಮುಂದುವರಿಸಿದರು.

"ಇವತ್ತು ಗಟ್ಟಿಯಾಗಿ ಹೇಳಿದ್ದು ನಿನ್ನ ಹೆಂಡತಿಗೆ, ಕಿವೀಲಿ ಹೇಳಿದ್ದು ನನಗೆ ಅಂತ ಗೊತ್ತಾಯ್ತು. ನಿಜ ಹೇಳ್ಬೇಕಂದ್ರೆ ಎರಡು ತಿಂಗಳ ಹಿಂದೇನೇ ಆ ಹುಡುಗನನ್ನ ಕೈಬಿಡೋಣ ಅಂತಿದ್ದೆ. ನೀನು ಕೈಬಿಡಿ, ಕೈಬಿಡಿ ಅಂತಿದ್ದೆಯಲ್ಲ, ಅದಕ್ಕೇ ಉಳಿಸ್ಕೊಂಡೆ."

ಅಂದರೆ ಎರಡು ತಿಂಗಳು ಬಾಮೈದನನ್ನು ಆ ಮಂಚದ ಮೇಲೆ ಹಿಡಿದಿಟ್ಟಿದ್ದು ತನ್ನದೇ ನಾಲಿಗೆ. ಒಂದು ಗಳಿಗೆ ಕತ್ತರಿಯಣ್ಣನಿಗೆ ತಲೆ ಸುತ್ತಿತು. ಮರುಗಳಿಗೆಯಲ್ಲಿ ಬೆಳಕು ಹರಿಯಿತು. ಉಪಾಯ ಅಂಗೈಯಲ್ಲೇ ಇದೆಯಲ್ಲ! ಮುಂದಿನ ಮ್ಯಾಚಿನ ಬೆಳಿಗ್ಗೆ ಬಾಮೈದನನ್ನು ಗಟ್ಟಿಯಾಗಿಯೂ ಹೊಗಳುವುದು, ಕಿವಿಯಲ್ಲಿಯೂ ಹೊಗಳುವುದು. ಹೆಂಡತಿಗೆ ಸಂತೋಷ, ಮೇಷ್ಟ್ರಿಗೆ ಉಲ್ಟಾ, ಹುಡುಗ ಗಿರಣಿಗೆ, ತಾನು ಮಂಚಕ್ಕೆ. ಬೆನ್ನು ಆಗಲೇ ನೆಟ್ಟಗಾಯಿತು. ಕಪ್ಪು ಗೆದ್ದದ್ದಕ್ಕಿಂತ ದೊಡ್ಡ ಗೆಲುವು ಇದು ಎನಿಸಿತು.

"ಮುಂದಿನ ಮ್ಯಾಚಿಗೂ ಎಂಟಕ್ಕೆ ಸರಿಯಾಗಿ ಬಂದ್ಬಿಡಿ ಸರ್," ಎಂದ.

"ನಾನೆಲ್ಲಯ್ಯ ಬರೋದು? ಕಪ್ಪು ಬಂತು, ನನ್ನ ಕೆಲಸ ಮುಗೀತು. ಹೋಗೋ ಮುಂಚೆ ನಿನಗೆ ನಿಜ ಹೇಳೋಣ ಅನ್ನಿಸ್ತು. ಬಾ, ಹೊಸ ಕೋಚಿನ ಪರಿಚಯ ಮಾಡಿಸ್ತೀನಿ. ನಿನ್ನ ಬಾಮೈದ ಅಂದ್ರೆ ಅವ್ರಿಗೆ ಪಂಚಪ್ರಾಣ. ಇನ್ನು ಮೂರು ವರ್ಷ ಅವನೇ ಸೆಂಟರ್ ಫಾರ್ವರ್ಡ್ ಅಂತ ಈಗ ತಾನೇ ಹೇಳಿದ್ರು."

ಚಿಂತೆಯಿಲ್ಲ, ಅವರನ್ನೂ ಕುರ್ಚಿಯಲ್ಲಿ ಕೂರಿಸಿದರಾಯಿತು ಎಂದುಕೊಂಡು ಕತ್ತರಿಯಣ್ಣ ನಗುತ್ತಲೇ ತಿರುಗಿದ.

ಹೊಸ ಕೋಚ್ ಕೈ ಚಾಚಿ ನಿಂತಿದ್ದರು. ತಲೆ ಚೆಂಡಿನಂತೆ ನುಣ್ಣಗೆ ಬೋಳು. ಗಡ್ಡ ಎದೆಯನ್ನು ದಾಟಿ ಹೊಟ್ಟೆಗೆ ಇಳಿದಿತ್ತು.

"ಸರ್, ಗಡ್ಡ ಒಂಚೂರು ಟ್ರಿಮ್ ಮಾಡಿಸೋದೇನಾದ್ರೂ..." ಎಂದ ಕತ್ತರಿಯಣ್ಣ, ಕ್ಷೀಣವಾಗಿ.

"ಇಪ್ಪತ್ತು ವರ್ಷದಿಂದ ಕತ್ತರಿ ಸೋಕಿಸಿಲ್ಲ," ಎಂದು ಅವರು ಹೆಮ್ಮೆಯಿಂದ ಗಡ್ಡ ನೀವಿಕೊಂಡರು.

ಸಂಜೆ ಮನೆಗೆ ಬಂದಾಗ ಹೆಂಡತಿ ತಮ್ಮನ ಪದಕವನ್ನು ಮಂಚದ ತಲೆಕಡೆಗೆ ಮೊಳೆ ಹೊಡೆದು ತೂಗುಹಾಕುತ್ತಿದ್ದಳು. ಗಂಡನ ಉಪಕಾರವನ್ನು ಅವಳೇನೂ ಮರೆತಿರಲಿಲ್ಲ. ಬೆಂಚಿನ ತುದಿಯಲ್ಲಿದ್ದ ಹಳೇ ಸ್ಟೂಲಿನ ಮೇಲೆ ಹೊಸ ದಿಂಬೊಂದನ್ನು ಇಟ್ಟಿದ್ದಳು.