ಖಂಡೇ ಪೂಜೆಗೆ ಕೂತ ಪ್ರೋಟೀನು

ತಾನು ಹೊಟ್ಟೆಪಾಡಿಗೆ ಏನು ಮಾಡುತ್ತೇನೆಂದು ಮನೆಯವರಿಗೆ ತಿಳಿಸಿ ಹೇಳುವಷ್ಟು ಕಷ್ಟ ಇನ್ನೊಂದಿಲ್ಲ. ಕಿರಾಣಿ ಅಂಗಡಿಯವನಿಗೆ ಈ ಗೋಳಿಲ್ಲ, ಬಸ್ ಕಂಡಕ್ಟರನಿಗೂ ಇಲ್ಲ. ನಾನು ಜೀವರಸಾಯನಶಾಸ್ತ್ರ ಕಲಿಸುವವನು. ತೊಂಬತ್ತರ ದಶಕದ ಕೊನೆಗೆ ನನ್ನ ಪಿಎಚ್‌ಡಿ ಒಂದು ಪ್ರೋಟೀನಿಗೆ ಜೋತುಬಿದ್ದಿತ್ತು. ಎ ವಿಟಮಿನ್ ಎಂಬುದು ಜಿಡ್ಡಿನ ಜಾತಿ, ನೀರಿಗೂ ಅದಕ್ಕೂ ಆಗಿಬರುವುದಿಲ್ಲ. ಅದನ್ನು ಜೀವಕೋಶದೊಳಗೆ ಒಂದು ಪ್ರೋಟೀನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡುತ್ತದೆ, ಹೋಳಿಗೆಯ ಕಣಕ ಹೂರಣವನ್ನು ಮುಚ್ಚಿಕೊಂಡ ಹಾಗೆ. ಮನುಷ್ಯರ ಆ ಪ್ರೋಟೀನಿನ ಜೀನನ್ನು ಬ್ಯಾಕ್ಟೀರಿಯಾಕ್ಕೆ ಸೇರಿಸಿ, ಬ್ಯಾಕ್ಟೀರಿಯಾದ ಕೈಯಿಂದಲೇ ಅದನ್ನು ಮಾಡಿಸುತ್ತಾರೆ. ಪರದೇಶದ ಗೆಳೆಯನೊಬ್ಬನ ಕಾಲು ಹಿಡಿದು ಒಂದು ಪುಟ್ಟ ಸೀಸೆ ತರಿಸಿಕೊಂಡಿದ್ದೆ. ಅಷ್ಟರಲ್ಲಿ ನಮ್ಮ ವಿಭಾಗದ ಡೀಪ್ ಫ್ರೀಜರ್ ಕೆಟ್ಟು ಕೂತಿತು. ರಿಪೇರಿಯವನು ಇವತ್ತು ಬರುತ್ತೇನೆ, ನಾಳೆ ಬರುತ್ತೇನೆ ಎಂದು ತಿಂಗಳುಗಟ್ಟಲೆ ಸತಾಯಿಸಿದ. ನಾನು ಸೀಸೆಯನ್ನು ಉಪ್ಪಿನಕಾಯಿ ಬಾಟಲಿಯೊಳಗಿಟ್ಟು, ಸಪ್ತಾಪುರದ ನಮ್ಮ ಬಾಡಿಗೆ ಮನೆಯ ಫ್ರಿಜ್ಜಿಗೆ ತಂದು ತುರುಕಿದೆ.

"ಇದೇನೋ ಇದು?" ಎಂದಳು ಅವ್ವ.

"ಪ್ರೋಟೀನವ್ವಾ. ಮನಷ್ಯಾರದ್ದು."

"ಮನಷ್ಯಾರದ್ದು? ಯಾರದೋ? ಸತ್ತವರದೇನು? ಹಾಲು ಮೊಸರು ಇಡೂ ಜಾಗಾ ಇದು. ಮೊದಲ ಹೊರಗ ಒಗಿ!"

ಬ್ಯಾಕ್ಟೀರಿಯಾದ ಕಥೆ ಹೇಳಿದರೆ ಸೀಸೆಯ ಜೊತೆ ನಾನೂ ಬೀದಿಗೆ ಬೀಳುತ್ತಿದ್ದೆ. ಅದಕ್ಕೇ, "ಕಣ್ಣಿಗೆ ಸಂಬಂಧಪಟ್ಟದ್ದವ್ವಾ" ಎಂದೆ. ಅದು ಸುಳ್ಳಲ್ಲ. ಎ ವಿಟಮಿನ್ನಿಗೂ ಕಣ್ಣಿಗೂ ಸಂಬಂಧ ಇದೆಯೆಂದು ಸಾಲೆಯ ಹುಡುಗರಿಗೂ ಗೊತ್ತು. ಅವ್ವ ಮಟಾಣಿ ಕಾಳಿನ ಚೀಲವನ್ನು ಸರಿಸಿ, ಬಾಟಲಿಗೆ ತಾನೇ ಜಾಗ ಮಾಡಿಕೊಟ್ಟಳು.

ಅವ್ವನ ಕಣ್ಣು ಮಂಜಾಗುತ್ತಿತ್ತು. ಮೊದಲು ಸಂಜೆಗೆ ಹೊಸ್ತಿಲು ಎಡವುತ್ತಿದ್ದಳು, ಆಮೇಲೆ ಹಗಲಲ್ಲೇ ಪಕ್ಕಕ್ಕೆ ಬಂದು ನಿಂತವರು ಕಾಣದಾದರು. ಪಕ್ಕದ ಮನೆಯ ನಿವೃತ್ತ ಮಾಸ್ತರರು ಗಜ್ಜರಿ ತಿನ್ನಿಸಿರಿ ಎಂದರು, ಅವರ ಹೆಂಡತಿ ನುಗ್ಗೆಸೊಪ್ಪು ಎಂದರು. ನಮ್ಮ ಮನೆಯಲ್ಲಿ ತಿಂಗಳುಗಟ್ಟಲೆ ಪಲ್ಯವೆಲ್ಲ ಒಂದೋ ಕೆಂಪು, ಇಲ್ಲವೇ ಹಸಿರು. ಕೇಶ್ವಾಪುರದ ಕಣ್ಣಿನ ಡಾಕ್ಟರರು ಮಾತ್ರ ನನ್ನೊಬ್ಬನನ್ನೇ ಒಳಗೆ ಕರೆದು, "ಇದು ವಂಶದಾಗ ಬರೂದ್ರಿ. ಔಷಧ ಇಲ್ರಿ" ಎಂದರು. ಅವ್ವನಿಗೆ ವಿಟಮಿನ್ನಿನ ಕೊರತೆ ಇರಲಿಲ್ಲ. ಅದನ್ನು ಬಳಸಿಕೊಳ್ಳುವ ಜೀವಕೋಶಗಳೇ ಸಾಯುತ್ತಿದ್ದವು. ಪ್ರೋಟೀನನ್ನು ಬಕೆಟ್ಟಿನಲ್ಲಿ ಸುರಿದರೂ ಸತ್ತವು ಎದ್ದು ಬರುವುದಿಲ್ಲ.

ಇದನ್ನು ನಾನು ಕ್ಲಾಸಿನಲ್ಲಿ ಹುಡುಗರ ಎದುರು ಅರಳು ಹುರಿದಂತೆ ಹೇಳುತ್ತಿದ್ದೆ. ಮನೆಯಲ್ಲಿ ಬಾಯಿ ಏಳುತ್ತಿರಲಿಲ್ಲ. ಸಂಜೆ ಚಪ್ಪಲಿ ಬಿಡುವಷ್ಟರಲ್ಲಿ ಅವ್ವ, "ಎಲ್ಲೀತನಾ ಬಂತಪಾ ನಿಂದು?" ಎಂದು ಕೇಳುವಳು. "ನಡದೈತವ್ವಾ" ಎನ್ನುವೆ. ಅವಳ ಮುಖ ಅರಳುತ್ತಿತ್ತು. ಆ ಮುಖ ನೋಡಿ ನನಗೂ ಚಹಾ ರುಚಿಸುತ್ತಿತ್ತು, ಥೂ ನನ್ನ!

ಮಹಾನವಮಿ ಬಂತು. ಅಂದು ಖಂಡೇ ಪೂಜೆ, ಅಂದರೆ ಆಯುಧಪೂಜೆ, ಯಾರ ಕೈಯ ಹತಿಯಾರ ಏನಿದೆಯೋ ಅದಕ್ಕೆಲ್ಲ ಪೂಜೆ. ನಮ್ಮ ಮನೆಯಲ್ಲಿ ಪೂಜೆಗಿಟ್ಟದ್ದನ್ನು ಮರುದಿನ ಬನ್ನಿ ಕೊಡುವವರೆಗೆ ಎತ್ತುವಂತಿಲ್ಲ. ಬೆಳಗ್ಗೆ ನಾನು ವಿಭಾಗಕ್ಕೆ ಹೋಗಿ, ಸೆಂಟ್ರಿಫ್ಯೂಜಿಗೆ ಕುಂಕುಮ ಹಚ್ಚಿ, ಕೆಟ್ಟ ಫ್ರೀಜರಿಗೂ ಒಂದು ಸೇವಂತಿಗೆ ಏರಿಸಿ, ಮಂಡಕ್ಕಿ ತಿಂದು ಮಧ್ಯಾಹ್ನ ಮನೆಗೆ ಬಂದೆ. ದೇವರ ಜಗಲಿಯ ಮೇಲೆ ಈಳಿಗೆ, ಸ್ಕೂಟರಿನ ಕೀಲಿ, ಅವ್ವನ ಕತ್ತರಿ ಸಾಲಾಗಿದ್ದವು. ಅವುಗಳ ನಡುವೆ, ಉರಿಯುವ ಸಮೆಯ ದೀಪದ ಪಕ್ಕದಲ್ಲಿ, ಅರಿಶಿನ ಕುಂಕುಮ ಹಚ್ಚಿಸಿಕೊಂಡು ನನ್ನ ಸೀಸೆ ಕೂತಿತ್ತು. ಮುಟ್ಟಿದೆ. ಸ್ನಾನದ ನೀರಿನ ಹಾಗೆ ಬೆಚ್ಚಗಿತ್ತು. ಒಳಗಿನದು ಒಡೆದ ಹಾಲಾಗಿತ್ತು.

"ಯಾರು ತಗದಾರ ಇದನ್ನ?" ಎಂದು ಚೀರಿದೆ.

"ನಾನ ಇಟ್ಟೇನಿ" ಎಂದಳು ಅವ್ವ, ಖುಷಿಯಿಂದ. "ನಿನ್ನ ಹತಿಯಾರ ಅಲ್ಲೇನು? ಕೈಲೇ ಸವರಿ ಹುಡುಕಿದ್ನಿ."

"ಕೆಟ್ಟು ಹೋತವ್ವಾ ಅದು! ಎಲ್ಲಾ ಹೋತು!"

ಅವ್ವ ಗೋಡೆ ಹಿಡಿದು ಕೂತಳು. "ಅಯ್ಯ ಶಿವನ! ನನ್ನ ಕಣ್ಣಿನ ಔಷಧ ನಾನ ಕೆಡಿಸಿದ್ನೆಲ್ಲೋ" ಎಂದು ಹಣೆ ಬಡಿದುಕೊಂಡಳು.

ನನ್ನ ಪಿಎಚ್‌ಡಿ ಮಣ್ಣುಪಾಲಾದದ್ದು ಆ ಗಳಿಗೆಗೆ ಮರೆತುಹೋಯಿತು. ಅವಳ ಕೈ ಹಿಡಿದು ಹೇಳಿಬಿಟ್ಟೆ. "ಔಷಧ ಅಲ್ಲವ್ವಾ ಅದು. ಎಂದೂ ಆಗಿರಲಿಲ್ಲ. ನಿನ್ನ ಕಣ್ಣಿಗೆ ಔಷಧ ಇಲ್ಲ."

ಅವ್ವ ಅಳುತ್ತಾಳೆಂದುಕೊಂಡೆ. ಅವಳು ತೆವಳುತ್ತ ಟ್ರಂಕಿನ ಹತ್ತಿರ ಹೋಗಿ ಒಂದು ಗಂಟು ಬಿಚ್ಚಿದಳು. ನನ್ನ ಹೆಂಡತಿ ಆಗ ಬಸುರಿ. ಹುಟ್ಟುವ ಕೂಸಿಗೆಂದು ಅವ್ವ ಹಳೇ ಸೀರೆಯ ತುಂಡುಗಳಿಂದ ಕೌದಿ ಹೊಲಿಯಲು ಶುರುಮಾಡಿದ್ದು ನನಗೆ ಗೊತ್ತಿತ್ತು. ಅರ್ಧಕ್ಕೆ ಬಿಟ್ಟದ್ದು ಗೊತ್ತಿರಲಿಲ್ಲ.

"ನೀ ಸೀಸೆ ತಂದ ದಿನಾನ ಸೂಜಿ ಕೆಳಗಿಟ್ಟೆ" ಎಂದಳು. "ಛಲೋ ಛಲೋ ಬಣ್ಣದ್ದೆಲ್ಲಾ ಬ್ಯಾರೆ ತಗದಿಟ್ಟೇನಿ. ಕಣ್ಣು ಬಂದ ಮ್ಯಾಲೆ ಹಚ್ಚಿದರಾತು ಅಂತ. ಆವಾಗ ನನಗ ಬಣ್ಣ ಕಾಣತಿದ್ದುವೋ. ನೀ ಆವಾಗನ ಖರೇ ಹೇಳಿದ್ದಿದ್ರ, ಇದ್ದ ಕಣ್ಣಾಗ ಹೊಲದು ಮುಗಸತಿದ್ನೆಲ್ಲೋ."

ಕೌದಿಯನ್ನು ಅವ್ವ ಆಮೇಲೆ ಕೈಯಿಂದ ಸವರಿಯೇ ಮುಗಿಸಿದಳು. ಒಂದು ಕಡೆ ಇಳಕಲ್ ಸೀರೆಯ ಕೆಂಪೆಲ್ಲ ಗುಂಪಾಗಿ ಬಿದ್ದಿದೆ, ಇನ್ನೊಂದು ಕಡೆ ಬರೀ ಬೂದುಬಣ್ಣ. ಅವ್ವ ತೀರಿಕೊಂಡಳು. ಮಗಳು ಅದನ್ನು ಹೊದ್ದೇ ಬೆಳೆದಳು, ಈಗ ಸಾಲೆಗೆ ಹೋಗುತ್ತಾಳೆ.

ಹೋದ ವರ್ಷದಿಂದ ನಾನು ಸಂಜೆ ಹೊಸ್ತಿಲು ಎಡವುತ್ತಿದ್ದೇನೆ. "ಕೇಶ್ವಾಪುರಕ್ಕ ಹೋಗಿ ತೋರಿಸಿಕೊಂಡು ಬರ್ರಿ" ಎಂದು ಹೆಂಡತಿ ದಿನವೂ ಗಂಟು ಬೀಳುತ್ತಾಳೆ. ಡಾಕ್ಟರರು ಏನು ಹೇಳುತ್ತಾರೆಂದು ನನಗೆ ಬಾಯಿಪಾಠ, ಅವರಿಗೆ ಸುಮ್ಮನೆ ಯಾಕೆ ತ್ರಾಸು? ಪರದೇಶದ ಗೆಳೆಯ ಈಗ ಇ-ಮೇಲ್ ಕಳಿಸುತ್ತಾನೆ. ಅಲ್ಲಿ ಕಣ್ಣಿಗೇ ಜೀನು ಹಾಕುವ ಪ್ರಯೋಗ ನಡೆದಿದೆಯಂತೆ. ನನ್ನ ರೋಗಕ್ಕೆ ಅದು ಹೊಂದುವುದಿಲ್ಲ ಎಂದು ಅವನೇ ಕೆಳಗೆ ಬರೆದಿರುತ್ತಾನೆ. ಆ ಸಾಲು ಬಂದ ಕೂಡಲೇ ನಾನು ಕಂಪ್ಯೂಟರ್ ಆರಿಸುತ್ತೇನೆ. ಓದಬೇಕೆಂದು ಆಸೆಪಟ್ಟು ಕೊಂಡ ಪುಸ್ತಕಗಳನ್ನೆಲ್ಲ ಹೊಸ ರಟ್ಟು ಹಾಕಿ, ಬೇರೆ ಕಪಾಟಿನಲ್ಲಿ ಎತ್ತಿಟ್ಟಿದ್ದೇನೆ. ಕಣ್ಣು ಸರಿಹೋದ ಮೇಲೆ ಓದಿದರಾಯಿತು.