ಸಿರಾದಲ್ಲಿ ಮಾವನ ಫಿಶ್ ಅಂಡ್ ಚಿಪ್ಸ್

ನಮ್ಮ ಸೋದರಮಾವನಿಗೆ ಈಜು ಬರುತ್ತಿರಲಿಲ್ಲ, ಗಾಳ ಹಾಕಿಯೂ ಗೊತ್ತಿರಲಿಲ್ಲ. ಆದರೂ ಮೀನಿನ ವಿಷಯದಲ್ಲಿ ಇಡೀ ಪಾವಗಡದಲ್ಲಿ ಅವರದೇ ಕೊನೆಯ ಮಾತು. ಆಗದೆ ಏನು? ಕುಡಿಯುವ ನೀರಿಗೇ ತತ್ವಾರವಿದ್ದ ಊರಿನಲ್ಲಿ ಮೀನನ್ನು ಕಂಡಿದ್ದು ಎದುರಾಡುವವರಾದರೂ ಯಾರು!

ಯುದ್ಧದ ಕಾಲದಲ್ಲಿ ಮಾವ ಪಟಾಲಮ್ಮಿಗೆ ಸೇರಿ ಬೊಂಬಾಯಿಯಲ್ಲಿದ್ದರಂತೆ. ಅಲ್ಲಿ ದೊರೆಗಳ ಕ್ಯಾಂಟೀನಿನಲ್ಲಿ ಒಮ್ಮೆ, ಒಂದೇ ಒಮ್ಮೆ, ಫಿಶ್ ಅಂಡ್ ಚಿಪ್ಸ್ ಎಂಬ ಕರಿದ ಮೀನು-ಆಲೂಗಡ್ಡೆಯ ತಿನಿಸು ತಿಂದರು. ಅಲ್ಲಿಂದೀಚೆಗೆ ಊರಿನ ಯಾವ ಅಡುಗೆಯೂ ಅವರ ಪರೀಕ್ಷೆಯಲ್ಲಿ ಪಾಸಾಗಲಿಲ್ಲ. ಅತ್ತೆ ಮುತುವರ್ಜಿಯಿಂದ ಕೋಳಿಸಾರು ಮಾಡಿ ಬಡಿಸಿದರೆ, ಮುದ್ದೆ ಮುರಿಯುತ್ತಾ, ಚೆನ್ನಾಗೇನೋ ಇದೆ, ಆದರೆ ಫಿಶ್ಯಾನ್‌ಚಿಪ್ಸ್ ಅಲ್ಲ ಎನ್ನುವರು. ಕೋಳಿ ಹೇಗೆ ಮೀನಾದೀತು? ಕಿವಿ ಮಂದವಾಗಿದ್ದ ನಮ್ಮಜ್ಜಿಗೆ ಅದು ‘ಪಿಶಾಚಿ’ ಎಂದೇ ಕೇಳಿಸಿ, ಮಗನಿಗೆ ಬೊಂಬಾಯಿಯಲ್ಲಿ ಗಾಳಿ ಮೆಟ್ಟಿಕೊಂಡಿದೆಯೆಂದು ತಾಯತ ಕಟ್ಟಿಸಿದರು. ಮಾವ ತಾಯತ ಕಟ್ಟಿಕೊಂಡೇ ಮೀನಿನ ಪುರಾಣ ಮುಂದುವರಿಸಿದರು.

ಅರವತ್ತರ ದಶಕದ ಆರಂಭದ ಒಂದು ದಸರಾ ರಜೆ. ಮಧುಗಿರಿಯ ಹೈಸ್ಕೂಲಿನಲ್ಲಿ ಓದುತ್ತಿದ್ದ ನಾನು ಮಾವನ ಮನೆಗೆ ಬಂದಿದ್ದೆ. ಸಿರಾ ಕೆರೆ ತುಂಬಿದೆ, ಮೀನು ಬೇಕಾದಷ್ಟು ಸಿಗುತ್ತಿದೆ ಎಂಬ ಸುದ್ದಿ ಬಂತು. ರಜೆಯೆಂದರೆ ದೊರೆಗಳು ಊರು ಬಿಟ್ಟು ಹೋಗಿ ಹೋಟೆಲಿನಲ್ಲಿ ತಿನ್ನುತ್ತಾರೆ, ನಾವೂ ತಿನ್ನೋಣ ಎಂದು ಮಾವ ಸಾರಿದರು. ಮದುವೆ, ತಿಥಿ ಬಿಟ್ಟರೆ ಬೇರೆ ಯಾವುದಕ್ಕೂ ಬಸ್ಸು ಹತ್ತದ ಅತ್ತೆ ಗಾಬರಿಯಾದರು. ಆದರೂ ಪೆಟ್ಟಿಗೆಯ ತಳದಲ್ಲಿದ್ದ ಹಸಿರು ಸೀರೆ ಹೊರಗೆ ಬಂತು.

ಸಿರಾ ಬಸ್‌ಸ್ಟ್ಯಾಂಡಿನ ಹಿಂದೆ ಒಬ್ಬ ಸಾಹೇಬರ ಹೋಟೆಲು. ಮಾವ ಅತ್ತೆಯನ್ನು ತಮ್ಮ ಎದುರಿನ ಕುರ್ಚಿಯಲ್ಲಿ ಕೂರಿಸಿ, ಮೂರು ತಟ್ಟೆ ಹೇಳಿ, ಮುಳ್ಳಿಲ್ಲದ ಮೀನೇ ಆಗಬೇಕೆಂದರು.

“ಮುಳ್ಳಿಲ್ದಿರೋ ಮೀನು ನಮ್ ಸಿರಾ ಕೆರೇಲಿ ಹುಟ್ಟಲ್ಲ ಜನಾಬ್” ಎಂದರು ಸಾಹೇಬರು.

ಮಾವ ಸೋಲುವರೆ? ಸೀದಾ ಅಡುಗೆಮನೆಗೆ ನುಗ್ಗಿ, ಆಲೂಗಡ್ಡೆಯನ್ನು ಸೀಮೆಸುಣ್ಣದ ಕಡ್ಡಿಯಂತೆ ಉದ್ದಕ್ಕೆ ಹೆಚ್ಚುವುದನ್ನು ಕಲಿಸಿ ಬಂದರು. ಮೊದಲ ಸಲ ಮೀನು ಖಾರದಪುಡಿ ಮೆತ್ತಿಕೊಂಡು ಕೆಂಪಗೆ ಬಂತು. ವಾಪಸು! ಎರಡನೆಯ ಸಲ ಆಲೂಗಡ್ಡೆ ಮೆತ್ತಗಾಗಿತ್ತು. ವಾಪಸು! ಎರಡು ಸಲವೂ ಆ ಘಮ ನಮ್ಮ ಮೂಗಿನ ಮುಂದೆ ಹಾಯ್ದು ಹೋಯಿತು. ಹಸಿದಿದ್ದ ಅತ್ತೆ ಕೈ ಮುಂದೆ ಮಾಡಿದಾಗ ಮಾವ ತಡೆದರು.

“ತಾಳು, ಅದಿನ್ನೂ ಆಗಿಲ್ಲ ಕಣೆ.”

ಕೊನೆಗೂ ಸರಿಯಾಗಿ ಬಂತು. ದೊರೆಗಳು ಅದನ್ನು ಹೇಗೆ ತಿನ್ನುತ್ತಾರೆಂಬ ವಿವರಣೆ ಶುರುವಾಯಿತು. ಅದು ಮುಗಿಯುವ ಮುನ್ನ ಪಾವಗಡಕ್ಕೆ ಹೋಗುವ ಕೊನೆಯ ಬಸ್ಸು ಹಾರನ್ ಹೊಡೆಯಿತು. ಅತ್ತೆ ಅವಸರದಲ್ಲಿ ಒಂದು ತುಂಡು ಬಾಯಿಗೆ ಹಾಕಿಕೊಂಡು ಎದ್ದರು. ಸಾಹೇಬರು ಪಾಪ, ಉಳಿದದ್ದನ್ನು ಕಟ್ಟಿಕೊಡಲು ಬಂದರೆ ಮಾವ ಒಪ್ಪಲಿಲ್ಲ. ಆರಿದ ಮೇಲೆ ಅದು ಫಿಶ್ಯಾನ್‌ಚಿಪ್ಸ್ ಅಲ್ಲವಂತೆ! ಮುಂದಿನ ರಜೆಗೆ ಬಂದು ಸಾವಕಾಶವಾಗಿ ತಿನ್ನೋಣ ಎಂದರು.

ಮುಂದಿನ ರಜೆ ಬಂತು. ಅತ್ತೆ ಇರಲಿಲ್ಲ. ಯುಗಾದಿಗೂ ಮುಂಚೆ ಹಿಡಿದ ಜ್ವರ ಅವರನ್ನು ಒಯ್ದುಬಿಟ್ಟಿತ್ತು.

ಮಾವ ಈಗ ಯಾರು ಏನು ಬಡಿಸಿದರೂ ಕೊಂಕೆತ್ತದೆ ಉಣ್ಣುತ್ತಿದ್ದರು. ನಮಗೆ ಅದೇ ಭಯ. ಒಂದು ಮಧ್ಯಾಹ್ನ ಊಟದ ನಡುವೆ ಕೈ ನಿಲ್ಲಿಸಿ ನನ್ನನ್ನು ಕೇಳಿದರು:

“ಅವತ್ತು ಸಿರಾದಾಗೆ ಒಂದ್ ತುಂಡು ಬಾಯಿಗಾಕ್ಕಂಡ್ಲಲ್ಲ, ಚೆಂದಾಗಿತ್ತು ಅಂದ್ಲಾ? ನಾನು ಕೇಳ್ಲೇ ಇಲ್ಲ.”

ಅವತ್ತು ವಾಪಸು ಬರುವಾಗ ಬಸ್ಸಿನಲ್ಲಿ ಮಾವ ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದಾಗ ಅತ್ತೆ ನನ್ನ ಕಿವಿಯಲ್ಲಿ ಹೇಳಿದ್ದೇ ಬೇರೆ. ಮನೆಯಲ್ಲಿ ಎಲ್ಲರ ಊಟವಾದ ಮೇಲೆ ಒಲೆಯ ಪಕ್ಕದಲ್ಲಿ ಒಬ್ಬರೇ ಉಣ್ಣುತ್ತಿದ್ದ ಹೆಂಗಸು ಅವರು. ಅವರ ಮಾತನ್ನೇ ಹೇಳಿದೆ.

“ಮೀನು ಹೆಂಗಾರ ಇರ್ಲಿ ಕಣಮ್ಮ. ಇಷ್ಟ್ ವರ್ಷಕ್ಕೆ ನಿಮ್ಮಾವ ಎದ್ರುಗೆ ಕೂರಿಸ್ಕಂಡು ನಂಗೂ ಒಂದ್ ತಟ್ಟೆ ತರಿಸಿದ್ರಲ್ಲ, ಹೊಟ್ಟೆ ತುಂಬ್ತು.”

ಮಾವ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

“ಇನ್ನೊಂದ್ಸಲ ಹೇಳು” ಎಂದರು.

ಹೇಳಿದೆ.